ಲಕ್ಕಮ್ಮನವರ ಅಳತೆಯೂ ದಣಿದ ದೇಹವೂ

ಹನ್ನೆರಡನೆಯ ಶತಮಾನದ ಶರಣ ದಂಪತಿಗಳಲ್ಲಿ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರ ಸ್ಥಾನ ವಿಶಿಷ್ಟವಾದುದು. ಅಮರೇಶ್ವರದ ಕಡೆಯಿಂದ ಕಲ್ಯಾಣಕ್ಕೆ ಬಂದ ಇವರ ಕಾಯಕ ನೋಡುವುದಕ್ಕೆ ಅತಿ ಸಣ್ಣದು. ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತರುವುದು, ಅದನ್ನು ಅಟ್ಟು ದಾಸೋಹಕ್ಕೆ ನೀಡುವುದು. ಒಂದು ದಿನ ಮಾರಯ್ಯನವರು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನವರು ಅದನ್ನು ಒಪ್ಪದೆ, ಹೆಚ್ಚಾದುದನ್ನು ತಂದಲ್ಲಿಯೇ ಸುರಿದು ಬರುವಂತೆ ಮರಳಿ ಕಳುಹಿದ ಪ್ರಸಂಗವನ್ನು ಭಕ್ತರೆಲ್ಲರೂ ಬಲ್ಲರು. ಇದನ್ನು ಆಸೆಯ ನಿಗ್ರಹಕ್ಕೆ, ಸಂಗ್ರಹಬುದ್ಧಿಯ ನಿರಾಕರಣೆಗೆ ದೃಷ್ಟಾಂತವಾಗಿ ವಿವರಿಸುವುದು ವಾಡಿಕೆ. ಆ ವಿವರಣೆ ಸರಿಯಾದುದೇ.

ಆದರೆ ಇದೇ ದಂಪತಿಗಳ ಇನ್ನೊಂದು ಪ್ರಸಂಗವನ್ನು ಇದರ ಪಕ್ಕದಲ್ಲಿಟ್ಟು ನೋಡುವವರು ಕಡಿಮೆ. ಮಾರಯ್ಯನವರು ಅನುಭಾವದ ಮಾತಿನಲ್ಲಿ ಮೈಮರೆತು ಕುಳಿತಿದ್ದಾಗ, ಅಂದಿನ ಕಾಯಕ ನಿಂತುಹೋಗಿದೆಯೆಂದು ನೆನಪಿಸಿ ಅವರನ್ನು ಎಬ್ಬಿಸಿ ಕಳುಹಿದವರೂ ಲಕ್ಕಮ್ಮನವರೇ. ಕುಳಿತವರನ್ನು ಏಳಿಸಿದ ತಾಯಿಯೇ ಮಿತಿ ಮೀರಿದಾಗ ತಡೆದ ತಾಯಿಯೂ ಹೌದು. ಅಕ್ಕಿ ಆಯುವ ಕಾಯಕವೆಂದರೆ ಬಾಗುವ, ಏಳುವ, ನಡೆಯುವ ಕಾಯಕ. ಒಂದೊಂದು ಕಾಳಿಗೂ ಬೆನ್ನು ಬಗ್ಗಬೇಕು. ಆದುದರಿಂದ ಆ ತಾಯಿ ಅಳೆದದ್ದು ಅಕ್ಕಿಯನ್ನು ಮಾತ್ರವಲ್ಲ, ಪತಿಯ ದೇಹದ ಅಂದಿನ ದುಡಿಮೆಯನ್ನು ಸಹ ಎಂದು ಭಾವಿಸಲು ಅವಕಾಶವಿದೆ. ಆ ದಿನಕ್ಕೆ ಆ ದಿನದ ಶ್ರಮ ಸಲ್ಲಬೇಕು, ಅದಕ್ಕಿಂತ ಹೆಚ್ಚೂ ಬೇಡ, ಕಡಿಮೆಯೂ ಬೇಡ.

ಈ ಎರಡು ಮುಖದ ಅಳತೆ ಇಂದು ಯಾರಿಗೆ ಅತ್ಯಂತ ಅಗತ್ಯವಾಗಿದೆ ಎಂದು ಯೋಚಿಸಿದಾಗ, ಕ್ಯಾನ್ಸರಿಗೆ ಚಿಕಿತ್ಸೆ ಮುಗಿಸಿ ಮನೆಗೆ ಮರಳಿದ ತರುಣ ತರುಣಿಯರು ಕಣ್ಣಮುಂದೆ ಬರುತ್ತಾರೆ. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳ ಮನೆಗಳಲ್ಲಿ ಇಂಥವರು ಇದ್ದಾರೆ. ಹೊರಗಿನವರಿಗೆ ಕಾಣುವುದಿಲ್ಲ, ಏಕೆಂದರೆ ಅವರು ಮನೆಯಿಂದ ಹೊರಗೆ ಬರುವುದು ವಿರಳ. ಕ್ಯಾನ್ಸರ್ ಎಂದರೆ ವೃದ್ಧಾಪ್ಯದ ರೋಗವೆಂಬ ಭಾವನೆ ಜನರಲ್ಲಿ ಬಲವಾಗಿದೆಯಾದರೂ ವೈದ್ಯಶಾಸ್ತ್ರವು 15ರಿಂದ 39 ವರ್ಷದವರನ್ನು ಒಂದು ಪ್ರತ್ಯೇಕ ವರ್ಗವಾಗಿ ಪರಿಗಣಿಸುತ್ತದೆ. ರಕ್ತದ ಕ್ಯಾನ್ಸರ್, ದುಗ್ಧಗ್ರಂಥಿಗಳ ಕ್ಯಾನ್ಸರ್, ಎಲುಬಿನದು, ವೃಷಣದ್ದು, ಥೈರಾಯ್ಡಿನದು, ಸ್ತನದ್ದು ಈ ವಯಸ್ಸಿನಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುತ್ತವೆ. ನಮ್ಮ ದೇಶದಲ್ಲಿ ಗುಟ್ಕಾದಿಂದ ಬರುವ ಬಾಯಿಯ ಕ್ಯಾನ್ಸರನ್ನೂ ಇದಕ್ಕೆ ಸೇರಿಸಬೇಕಾಗಿದೆ. ಇವುಗಳಲ್ಲಿ ಹಲವು ಇಂದು ಗುಣವಾಗತಕ್ಕವು. ಇಪ್ಪತ್ತೈದರಲ್ಲಿ ಗುಣವಾದವನಿಗೆ ಮುಂದೆ ನಲವತ್ತು ಐವತ್ತು ವರ್ಷಗಳ ಬಾಳು ಇದೆ. ಆ ಬಾಳನ್ನು ಯಾವ ದೇಹದಲ್ಲಿ ಬಾಳಬೇಕು ಎಂಬುದೇ ಪ್ರಶ್ನೆ.

ಈ ಭಾಗದ ರೋಗಿಗಳು ಸಾಮಾನ್ಯವಾಗಿ ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಗೆ ಹೋಗುತ್ತಾರೆ, ಇಲ್ಲವೆ 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ. ತಿಂಗಳುಗಟ್ಟಲೆ ಬಸ್ಸು, ರೈಲು, ಧರ್ಮಶಾಲೆ, ಸರತಿಯ ಸಾಲು. ಕೊನೆಗೊಂದು ದಿನ ವೈದ್ಯರು ಚಿಕಿತ್ಸೆ ಮುಗಿಯಿತೆಂದೂ, ಮೂರು ತಿಂಗಳಿಗೊಮ್ಮೆ ಬಂದು ತೋರಿಸಬೇಕೆಂದೂ ಹೇಳಿ ಕಳುಹಿಸುತ್ತಾರೆ. ಅಲ್ಲಿಂದ ಮುಂದಿನದು ಮನೆಯವರ ಕೈಯಲ್ಲಿ.

ರಾಣೇಬೆನ್ನೂರು ಕಡೆಯ ಒಕ್ಕಲು ಮನೆತನದ ಇಪ್ಪತ್ತಮೂರರ ತರುಣನೊಬ್ಬನನ್ನು ಮನಸ್ಸಿಗೆ ತಂದುಕೊಳ್ಳಬಹುದು. ಆರು ತಿಂಗಳ ಕಿಮೋಥೆರಪಿ ಮುಗಿದಿದೆ. ಕೂದಲು ಮೊಳೆಯುತ್ತಿದೆ. ನಡುಮನೆಯಲ್ಲಿ ಫ್ಯಾನಿನ ಕೆಳಗೆ ಅವನಿಗಾಗಿ ಮಂಚ ಹಾಕಲಾಗಿದೆ. ನೀರು ಕುಡಿಯಲು ಎದ್ದರೆ ಅವ್ವ ಒಳಗಿನಿಂದ ಓಡಿ ಬರುತ್ತಾಳೆ: “ಏಳಬ್ಯಾಡೋ ತಮ್ಮಾ, ಮಲಕೋ. ನಾ ತಂದ ಕೊಡತೀನಿ.” ಅಜ್ಜಿ ಹಣೆಗೆ ವಿಭೂತಿ ಹಚ್ಚಿ ಹೊದಿಕೆ ಸರಿಮಾಡುತ್ತಾಳೆ. ಅಪ್ಪ ಹೊಲದ ಮಾತನ್ನೇ ಅವನ ಮುಂದೆ ಎತ್ತುವುದಿಲ್ಲ. ಎರಡು ತಿಂಗಳಾದ ಮೇಲೆ ಒಂದು ದಿನ ಅವನು ಕೊಟ್ಟಿಗೆಯವರೆಗೆ ಹೋಗಿ ಬರುವಷ್ಟರಲ್ಲಿ ತೇಕುತ್ತಾನೆ, ಮೊಣಕಾಲು ನಡುಗುತ್ತದೆ. “ನೋಡ್ರಿ, ಇನ್ನೂ ಶಕ್ತಿನ ಬಂದಿಲ್ಲ” ಎಂದು ಮನೆಯವರೆಲ್ಲ ಮರುಗಿ, ಅವನನ್ನು ಇನ್ನಷ್ಟು ದಿನ ಮಲಗಿಸುತ್ತಾರೆ. ಮಲಗಿದಷ್ಟೂ ಶಕ್ತಿ ಕುಂದುತ್ತದೆ, ಶಕ್ತಿ ಕುಂದಿದಷ್ಟೂ ಮಲಗಿಸುತ್ತಾರೆ. ಇದರಲ್ಲಿ ಯಾರ ದೋಷವೂ ಇಲ್ಲ. ಇರುವುದೆಲ್ಲ ಅಂತಃಕರಣವೇ. ಕಷ್ಟವಿರುವುದೂ ಅಲ್ಲಿಯೇ. ದ್ವೇಷದಿಂದ ಹಾಕಿದ ಕಟ್ಟನ್ನು ಹರಿದುಕೊಂಡು ಏಳಬಹುದು, ಅವ್ವನ ಅಂತಃಕರಣದ ಕಟ್ಟನ್ನು ಹರಿಯುವುದು ಹೇಗೆ?

ಹಾಸಿಗೆಯು ಆರೋಗ್ಯವಂತನನ್ನು ಸಹ ಏನು ಮಾಡಬಲ್ಲುದೆಂಬುದಕ್ಕೆ 1966ರಲ್ಲಿ ಅಮೆರಿಕದ ಡಲ್ಲಾಸ್ ನಗರದಲ್ಲಿ ನಡೆದ ಪ್ರಯೋಗವೊಂದು ಸಾಕ್ಷಿ. ಇಪ್ಪತ್ತರ ಪ್ರಾಯದ ಐವರು ಆರೋಗ್ಯವಂತ ಯುವಕರನ್ನು ಮೂರು ವಾರ ಹಾಸಿಗೆಯಲ್ಲಿಯೇ ಇರಿಸಲಾಯಿತು. ರೋಗವಿಲ್ಲ, ಔಷಧವಿಲ್ಲ, ಬರಿಯ ವಿಶ್ರಾಂತಿ. ಮೂರು ವಾರಗಳಲ್ಲಿ ಅವರ ಹೃದಯ ಮತ್ತು ಶ್ವಾಸಕೋಶಗಳು ಸೇರಿ ದೇಹಕ್ಕೆ ಪ್ರಾಣವಾಯುವನ್ನು ಒದಗಿಸುವ ಗರಿಷ್ಠ ಸಾಮರ್ಥ್ಯ ಕಾಲು ಭಾಗಕ್ಕಿಂತ ಹೆಚ್ಚು ಇಳಿದುಹೋಯಿತು. ಮೂವತ್ತು ವರ್ಷಗಳ ತರುವಾಯ, 1996ರಲ್ಲಿ, ಅದೇ ಐವರನ್ನು ಮತ್ತೆ ಪರೀಕ್ಷಿಸಲಾಯಿತು. ಮೂವತ್ತು ವರ್ಷಗಳ ಮುಪ್ಪು ಮಾಡಿದ ಹಾನಿ ಅಂದಿನ ಮೂರು ವಾರಗಳ ಹಾಸಿಗೆ ಮಾಡಿದ ಹಾನಿಗಿಂತ ಕಡಿಮೆಯಿತ್ತು! ಇನ್ನೊಂದು ಸಂಗತಿಯನ್ನೂ ಹೇಳಬೇಕು. ವಿಶ್ರಾಂತಿಯಿಂದ ಕಳೆದದ್ದನ್ನು ಅವರು ಕೆಲವೇ ವಾರಗಳ ಕ್ರಮಬದ್ಧ ವ್ಯಾಯಾಮದಿಂದ ಮರಳಿ ಪಡೆದಿದ್ದರು. ಆರೋಗ್ಯವಂತರ ಗತಿಯೇ ಹೀಗಾದರೆ, ಔಷಧಗಳಿಂದ ಮೊದಲೇ ಬಳಲಿದವನನ್ನು ಮೂರು ವಾರವಲ್ಲ, ಆರು ತಿಂಗಳು ಮಲಗಿಸಿದರೆ ಏನಾಗಬಹುದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಚಿಕಿತ್ಸೆ ಮುಗಿದವರ ದಣಿವು ಸಾಮಾನ್ಯ ದಣಿವಲ್ಲ. ಹೊಲದಲ್ಲಿ ದುಡಿದು ಬಂದವನ ದಣಿವು ಒಂದು ರಾತ್ರಿಯ ನಿದ್ರೆಗೆ ಹರಿಯುತ್ತದೆ. ಇದು ಹರಿಯುವುದಿಲ್ಲ. ಹತ್ತು ತಾಸು ಮಲಗಿ ಎದ್ದರೂ ಮೈಮೇಲೆ ಮೂಟೆ ಹೇರಿದಂತೆ ಇರುತ್ತದೆ, ಕೆಲವರಲ್ಲಿ ವರ್ಷಗಳವರೆಗೆ ಉಳಿಯುತ್ತದೆ. ಈ ದಣಿವಿಗೆ ಇದುವರೆಗೆ ತಿಳಿದಿರುವ ಉಪಾಯಗಳಲ್ಲಿ ಅತ್ಯಂತ ಫಲಕಾರಿಯಾದವುಗಳಲ್ಲಿ ಒಂದು ವ್ಯಾಯಾಮವೆಂಬುದು ಕೇಳಲು ವಿಚಿತ್ರವೆನಿಸಿದರೂ ಅನೇಕ ಪರೀಕ್ಷೆಗಳಿಂದ ಸಿದ್ಧವಾಗಿದೆ. ಚಿಕಿತ್ಸೆಯಾದವರಿಗೆ ವ್ಯಾಯಾಮ ಅಪಾಯವಲ್ಲವೆಂದು, ಆಲಸ್ಯವನ್ನು ಬಿಡಬೇಕೆಂದು ಅಮೆರಿಕದ ಕ್ರೀಡಾವೈದ್ಯ ಪಂಡಿತರು 2010ರಲ್ಲಿಯೇ ಸಾರಿದರು. 2019ರಲ್ಲಿ ಹಲವು ದೇಶಗಳ ತಜ್ಞರು ಕೂಡಿ ಪ್ರಮಾಣವನ್ನೂ ಹೇಳಿದರು. ವಾರಕ್ಕೆ ಮೂರು ದಿನ, ದಿನಕ್ಕೆ ಮೂವತ್ತು ನಿಮಿಷ, ಉಸಿರು ಕೊಂಚ ಏರುವಷ್ಟು ಬಿರುಸಿನ ನಡಿಗೆ ಅಥವಾ ಸೈಕಲ್. ವಾರಕ್ಕೆರಡು ದಿನ ಸ್ನಾಯುಗಳಿಗೆ ಭಾರದ ಕೆಲಸ. ಇಷ್ಟನ್ನು ಸುಮಾರು ಹನ್ನೆರಡು ವಾರ ನಡೆಸಿದರೆ ದಣಿವು, ಆತಂಕ, ಖಿನ್ನತೆಗಳು ತಗ್ಗುತ್ತವೆ, ನಿತ್ಯದ ಕೆಲಸಗಳಿಗೆ ಕಸುವು ಬರುತ್ತದೆ ಎಂಬುದು ಅವರ ನಿರ್ಣಯ.

2025ರಲ್ಲಿ ಇನ್ನೂ ದೊಡ್ಡ ಮಾತು ಹೊರಬಂದಿತು. ಮುಖ್ಯವಾಗಿ ಕೆನಡಾ ಮತ್ತು ಆಸ್ಟ್ರೇಲಿಯಾಗಳಲ್ಲಿ, ದೊಡ್ಡ ಕರುಳಿನ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ ಮತ್ತು ಕಿಮೋಥೆರಪಿ ಮುಗಿಸಿದ 889 ಮಂದಿಯನ್ನು ಎರಡು ಪಂಗಡ ಮಾಡಿ, ಒಂದು ಪಂಗಡಕ್ಕೆ ಮಾರ್ಗದರ್ಶಕರ ನೆರವಿನಿಂದ ಮೂರು ವರ್ಷ ವ್ಯಾಯಾಮ ಮಾಡಿಸಲಾಗಿತ್ತು. ಇನ್ನೊಂದಕ್ಕೆ ತಿಳಿವಳಿಕೆಯ ಪುಸ್ತಿಕೆಗಳನ್ನು ಮಾತ್ರ ಕೊಡಲಾಗಿತ್ತು. ಎಂಟು ವರ್ಷಗಳ ತರುವಾಯ ವ್ಯಾಯಾಮದ ಪಂಗಡದಲ್ಲಿ ನೂರಕ್ಕೆ ಸುಮಾರು 90 ಮಂದಿ ಬದುಕಿದ್ದರೆ ಇನ್ನೊಂದರಲ್ಲಿ 83. ಈ ಪರೀಕ್ಷೆಯಲ್ಲಿದ್ದವರಲ್ಲಿ ಹೆಚ್ಚಿನವರು ತರುಣರಲ್ಲ, ರೋಗವೂ ಒಂದೇ ಬಗೆಯದು. ಆದುದರಿಂದ ಇದನ್ನು ಎಲ್ಲ ಕ್ಯಾನ್ಸರಿಗೂ ಎಲ್ಲ ವಯಸ್ಸಿಗೂ ಹಾಗೆಯೇ ಅನ್ವಯಿಸಲಾಗದು. ಇಲ್ಲಿ ಗಮನಿಸತಕ್ಕ ವಿಷಯ ಬೇರೊಂದಿದೆ. ಪುಸ್ತಿಕೆ ಎರಡೂ ಪಂಗಡಕ್ಕೆ ಸಿಕ್ಕಿತ್ತು. ವ್ಯತ್ಯಾಸ ಮಾಡಿದ್ದು ಜೊತೆಗೆ ನಿಂತು ನಡೆಸಿದ ಮನುಷ್ಯರು.

ಆದರೆ ಲಕ್ಕಮ್ಮನವರ ಮೊದಲ ಪಾಠವನ್ನು ಕಲಿತು ಎರಡನೆಯದನ್ನು ಮರೆಯುವ ಅಪಾಯ ತರುಣರಲ್ಲಿ ವಿಶೇಷವಾಗಿದೆ. ಮುದುಕರು ನಿಧಾನವಾಗಿ ಏಳುತ್ತಾರೆ, ತರುಣರು ಒಮ್ಮೆಲೇ ಎದ್ದು ಓಡಬಯಸುತ್ತಾರೆ. ಹತ್ತು ದಿನ ಮಂಚದ ಮೇಲಿದ್ದವನಿಗೆ ಹನ್ನೊಂದನೆಯ ದಿನ ಮೈ ಹಗುರವೆನಿಸುತ್ತದೆ. ಗೆಳೆಯರು ಕರೆಯುತ್ತಾರೆ. ಅಂದೇ ಕ್ರಿಕೆಟ್, ಅಂದೇ ಕಬಡ್ಡಿ, ದೀಪಾವಳಿಯಾದರೆ ಹೋರಿ ಬೆದರಿಸುವಲ್ಲಿಗೂ ಹೋಗಿ ನಿಲ್ಲುತ್ತಾನೆ. ಮರುದಿನದಿಂದ ಮೂರು ದಿನ ಏಳಲಾರ. ಆಗ ಮನೆಯವರಿಗೆ ತಮ್ಮ ಮಾತೇ ಸರಿಯೆಂದು ತೋರುತ್ತದೆ, ಅವನಿಗೂ ಹಾಗೆಯೇ ತೋರುತ್ತದೆ. ಇದು ಎರಡು ದಿನದ ಅಕ್ಕಿಯನ್ನು ಒಂದೇ ದಿನ ಕಟ್ಟಿ ತಂದಂತೆ. ಒಳ್ಳೆಯ ದಿನವೆಂದು ಹೆಚ್ಚು ಮಾಡದೆ, ಕೆಟ್ಟ ದಿನವೆಂದು ಪೂರ್ತಿ ಬಿಡದೆ, ಮೊದಲ ವಾರ ಹತ್ತು ನಿಮಿಷ, ಮುಂದಿನ ವಾರ ಹನ್ನೆರಡು, ಅದರ ಮುಂದೆ ಹದಿನೈದು ಎಂದು ಏರಿಸುತ್ತ ಹೋಗುವುದೇ ಕ್ರಮ. ನಡೆಯುವಾಗ ಮಾತನಾಡಲು ಬರಬೇಕು, ಹಾಡಲು ಬರಬಾರದು. ಅಷ್ಟು ಬಿರುಸು ಸಾಕು.

ಪ್ರಸಿದ್ಧರ ನಿದರ್ಶನಗಳು ಇಲ್ಲಿ ಸಹಾಯಕ್ಕಿಂತ ತೊಂದರೆಯನ್ನೇ ಹೆಚ್ಚು ಮಾಡುತ್ತವೆ. 2011ರ ವಿಶ್ವಕಪ್ ಪಂದ್ಯಾವಳಿಯ ಶ್ರೇಷ್ಠ ಆಟಗಾರನಾಗಿದ್ದ ಯುವರಾಜ್ ಸಿಂಗ್ 2012ರ ಆರಂಭದಲ್ಲಿ ಅಮೆರಿಕದಲ್ಲಿ ಕಿಮೋಥೆರಪಿ ಪಡೆದು ಅದೇ ಸೆಪ್ಟೆಂಬರಿನಲ್ಲಿ ಚೆನ್ನೈಯ ಮೈದಾನಕ್ಕೆ ಇಳಿದದ್ದು ಕೋಟ್ಯಂತರ ಜನರಿಗೆ ಧೈರ್ಯ ತಂದಿತು. ಆದರೆ ಆರು ತಿಂಗಳಲ್ಲಿ ಅವರು ಆಡಿದರು, ನೀನೇಕೆ ಆಡಲಾರೆ ಎಂದು ರಾಣೇಬೆನ್ನೂರಿನ ಹುಡುಗನನ್ನು ಕೇಳುವುದು ನ್ಯಾಯವಲ್ಲ. ಅವರ ಹಿಂದೆ ತರಬೇತುದಾರರ ತಂಡವೇ ಇತ್ತು, ರೋಗದ ಮುನ್ನ ಹತ್ತಾರು ವರ್ಷ ಪಳಗಿದ ದೇಹವಿತ್ತು. ಕೆನಡಾದ ಟೆರ್ರಿ ಫಾಕ್ಸ್ ಎಂಬ ತರುಣನ ಕಥೆ ಇನ್ನೂ ದೊಡ್ಡದು, ಇನ್ನೂ ಕಠೋರವಾದುದು. ಎಲುಬಿನ ಕ್ಯಾನ್ಸರಿನಿಂದ 1977ರಲ್ಲಿ ಬಲಗಾಲು ಕಳೆದುಕೊಂಡ ಅವನು 1980ರಲ್ಲಿ ಕೃತಕ ಕಾಲಿನಿಂದ ದಿನಕ್ಕೆ ಸುಮಾರು 42 ಕಿಲೋಮೀಟರಿನಂತೆ 143 ದಿನ ಓಡಿ, ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸಿದನು. 5,373 ಕಿಲೋಮೀಟರ್ ಆದಾಗ ರೋಗ ಶ್ವಾಸಕೋಶದಲ್ಲಿ ಮರಳಿ ಕಾಣಿಸಿಕೊಂಡಿತು. ಮರುವರ್ಷ ಜೂನಿನಲ್ಲಿ, ಇಪ್ಪತ್ತೆರಡರ ಪ್ರಾಯದಲ್ಲಿ ತೀರಿಕೊಂಡನು. ಅದು ವ್ರತ. ವ್ರತವನ್ನು ಗೌರವಿಸಬೇಕು, ಔಷಧದ ಚೀಟಿಯಂತೆ ಇನ್ನೊಬ್ಬರ ಕೈಗೆ ಕೊಡಬಾರದು.

ಅಳತೆಯು ವ್ಯಕ್ತಿಯಿಂದ ವ್ಯಕ್ತಿಗೆ ಬೇರೆಯಾಗಲು ಔಷಧಗಳೂ ಕಾರಣ. ಕೆಂಪು ಬಣ್ಣದ ಡಾಕ್ಸೊರುಬಿಸಿನ್ ಎಂಬ ಔಷಧ ಕೆಲವರ ಹೃದಯವನ್ನು ದುರ್ಬಲಗೊಳಿಸುತ್ತದೆ. ಅಂಥವರು ಎಕೋ ಪರೀಕ್ಷೆ ಮಾಡಿಸಿಕೊಂಡ ಮೇಲೆಯೇ ಓಟ, ಭಾರ ಎತ್ತುವಿಕೆಗಳಿಗೆ ತೊಡಗಬೇಕು. ಬ್ಲಿಯೊಮೈಸಿನ್ ಪಡೆದವರ ಶ್ವಾಸಕೋಶ ಗಾಯಗೊಂಡಿರಬಹುದು, ವಿಂಕ್ರಿಸ್ಟಿನ್ ಪಡೆದವರ ಪಾದಗಳಲ್ಲಿ ಜೋಮು ಉಳಿದಿರಬಹುದು. ಜೋಮು ಹಿಡಿದ ಪಾದಕ್ಕೆ ಹೊಲದ ಬದುವಿಗಿಂತ ಸಮನಾದ ರಸ್ತೆ ಲೇಸು, ಹವಾಯಿ ಚಪ್ಪಲಿಗಿಂತ ಬೂಟು ಲೇಸು. ಮನೆಗೆ ಬಂದ ಮೇಲೆ ಅಂಗಾಲನ್ನು ಕಣ್ಣಾರೆ ನೋಡಿಕೊಳ್ಳಬೇಕು, ಏಕೆಂದರೆ ಮುಳ್ಳು ಚುಚ್ಚಿದ್ದೂ ತಿಳಿದಿರುವುದಿಲ್ಲ. ಬಹುಕಾಲ ಸ್ಟಿರಾಯ್ಡ್ ತೆಗೆದುಕೊಂಡ ರಕ್ತದ ಕ್ಯಾನ್ಸರಿನ ಯುವಕರಲ್ಲಿ ಸೊಂಟದ ಕೀಲಿನ ಎಲುಬು ಸವೆಯುವುದುಂಟು. ನಡೆದಾಗ ತೊಡೆಸಂದಿಯಲ್ಲಿ ನೋವು ಬಂದರೆ ಅದನ್ನು ಸಹಿಸಿ ನಡೆಯುವುದು ಶೌರ್ಯವಲ್ಲ, ಕೂಡಲೆ ತೋರಿಸಬೇಕು. ಜ್ವರವಿದ್ದ ದಿನ, ಎದೆನೋವು ಇಲ್ಲವೆ ತಲೆಸುತ್ತು ಬಂದ ದಿನ, ರಕ್ತಕಣಗಳು ತೀರ ಇಳಿದಿವೆಯೆಂದು ವೈದ್ಯರು ಹೇಳಿದ ದಿನಗಳಲ್ಲಿ ವಿಶ್ರಾಂತಿಯೇ ಕಾಯಕ.

ಇದುವರೆಗೆ ಮಗನ ಮಾತಾಯಿತು. ಸೊಸೆಯ ಮಾತು ಬೇರೆ. ಮಗನಿಗೆ ಮಂಚ ದೊರೆಯುವ ಮನೆಯಲ್ಲಿಯೇ ಸೊಸೆಗೆ ಹದಿನೈದು ದಿನಗಳಲ್ಲಿ ಒಲೆ ದೊರೆಯುತ್ತದೆ. ಸ್ತನದ ಶಸ್ತ್ರಚಿಕಿತ್ಸೆಯಾಗಿ ಬಂದ ಮೂವತ್ತೈದರ ಹೆಣ್ಣುಮಗಳು ಬಾವು ಬಂದ ಕೈಯಿಂದಲೇ ಹತ್ತು ಮಂದಿಗೆ ರೊಟ್ಟಿ ಬಡಿಯುವುದು ಉಂಟು. ಇನ್ನು ಕೆಲವು ಮನೆಗಳಲ್ಲಿ ಇದಕ್ಕೆ ತೀರ ವಿರುದ್ಧ. ಆ ಕೈಯಿಂದ ಕೊಡ ಎತ್ತಬಾರದು, ರೊಟ್ಟಿ ಬಡಿಯಬಾರದು, ಜೀವನಪರ್ಯಂತ ಏನನ್ನೂ ಮಾಡಬಾರದು ಎಂದು ಕಟ್ಟುಮಾಡಿ ಆ ಕೈಯನ್ನು ಕಟ್ಟಿಗೆ ಮಾಡಿಡುತ್ತಾರೆ. ವೈದ್ಯರೂ ಹಿಂದೆ ಹಾಗೆಯೇ ಹೇಳುತ್ತಿದ್ದರು. 2009ರಲ್ಲಿ ಅಮೆರಿಕದಲ್ಲಿ ಕೈಬಾವು ಇದ್ದ 141 ಮಹಿಳೆಯರ ಮೇಲೆ ನಡೆದ ಅಧ್ಯಯನ ಈ ತಿಳಿವಳಿಕೆಯನ್ನು ತಿದ್ದಿತು. ಮೊದಲು ಅತಿ ಕಡಿಮೆ ಭಾರ, ಬಾವು ಏರದಿದ್ದರೆ ಮಾತ್ರ ಮುಂದಿನ ಭಾರ, ಕೈಗೆ ಬಿಗಿಯಾದ ತೋಳುಚೀಲ, ಬಳಿಯಲ್ಲಿ ಕಲಿಸುವವರು. ಹೀಗೆ ನಡೆದವರ ಕೈಬಾವು ಹೆಚ್ಚಲಿಲ್ಲ, ಬಾವು ಉಲ್ಬಣಿಸುವ ಪ್ರಸಂಗಗಳು ಬದಲಾಗಿ ಕಡಿಮೆಯಾದವು. ಹತ್ತು ಮಂದಿಯ ರೊಟ್ಟಿಯೂ ಅಳತೆಯಲ್ಲ, ಸೊನ್ನೆಯೂ ಅಳತೆಯಲ್ಲ. ಈ ವಾರ ಎರಡು ರೊಟ್ಟಿ, ಮುಂದಿನ ವಾರ ಮೂರು. ಉಳಿದದ್ದನ್ನು ಮನೆಯ ಗಂಡಸರು ಬಡಿಯಲು ಕಲಿತರೆ ಕಾಯಕದಲ್ಲಿ ಮೇಲು ಕೀಳಿಲ್ಲವೆಂದ ಶರಣರು ಸಂತೋಷಪಟ್ಟಾರು.

ದುಡಿಮೆಯೇ ವ್ಯಾಯಾಮವಲ್ಲವೇ, ಬೇರೆ ನಡಿಗೆ ಏಕೆ ಎಂದು ಈ ಭಾಗದವರು ಕೇಳುವುದು ಸಹಜ. ಭಾಗಶಃ ಹೌದು. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಣ್ಣುಮಕ್ಕಳು ಬೆಳಿಗ್ಗೆಯಿಂದ ಸಂಜೆಯವರೆಗೆ ದುಡಿಯುತ್ತಾರೆ, ಆದರೆ ಕುಳಿತು ದುಡಿಯುತ್ತಾರೆ. ಬೆರಳಿಗೆ ಕೆಲಸ, ಹೃದಯಕ್ಕೆ ಕೆಲಸವಿಲ್ಲ, ಎದೆಗೆ ಘಾಟು ಬೇರೆ. ಕಡ್ಡಿ, ಡಬ್ಬಿ ಮೆಣಸಿನಕಾಯಿಗಳ ಬಣ್ಣ ಲೋಕಪ್ರಸಿದ್ಧ. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ಖಾರ ಕಡಿಮೆಯೆಂದು ಹೆಸರಾದರೂ ಸುಗ್ಗಿಯಲ್ಲಿ ಮಾರುಕಟ್ಟೆಯ ಬಳಿ ಹಾಯುವವರು ಕರವಸ್ತ್ರದಿಂದ ಮೂಗು ಮುಚ್ಚಿಕೊಳ್ಳುವುದು ತಪ್ಪದು. ಬ್ಲಿಯೊಮೈಸಿನ್ ಪಡೆದ ಎದೆಗೆ, ವಿಕಿರಣ ಬಿದ್ದ ಎದೆಗೆ ಆ ಗಾಳಿ ಹಿತವಲ್ಲ. ಆದುದರಿಂದ ಬ್ಯಾಡಗಿಯ ತರುಣನು ಮಾರುಕಟ್ಟೆಗೆ ಬೆನ್ನುಮಾಡಿ, ಕಾಗಿನೆಲೆಯ ಕಡೆಯ ರಸ್ತೆಯನ್ನೋ ಮೋಟೆಬೆನ್ನೂರಿನ ಕಡೆಯದನ್ನೋ ಹಿಡಿದು ಸೂರ್ಯೋದಯಕ್ಕೆ ಮುನ್ನ ನಡೆದು ಬರುವುದು ಯೋಗ್ಯ. ಮೋಟೆಬೆನ್ನೂರು ಮೈಲಾರ ಮಹಾದೇವಪ್ಪನವರ ಊರು. ಹದಿಹರೆಯದಲ್ಲಿಯೇ ಸಾಬರಮತಿ ಆಶ್ರಮ ಸೇರಿ, 1930ರಲ್ಲಿ ಗಾಂಧೀಜಿಯವರೊಡನೆ ದಂಡಿಯವರೆಗೆ ನಡೆದವರು ಅವರು. ನಡಿಗೆಗೆ ಆ ರಸ್ತೆಯಲ್ಲಿ ಒಂದು ಮಾನವಿದೆ.

ಹಾವೇರಿಯವರಿಗೆ ಹೆಗ್ಗೇರಿಯ ಕೆರೆಯ ಕಡೆ ಗಾಳಿ ತೆರಪಾಗಿದೆ, ಸಿದ್ಧೇಶ್ವರ ದೇವಾಲಯದ ಆವರಣವಿದೆ, ಜಿಲ್ಲಾ ಕ್ರೀಡಾಂಗಣವಿದೆ. ಮಳೆಗಾಲದಲ್ಲಿ ಎರೆಮಣ್ಣಿನ ದಾರಿ ಬೇಡ, ಕಾಲಿಗೆ ಸೇರುಗಟ್ಟಲೆ ಮಣ್ಣು ಅಂಟಿ ಜಾರುತ್ತದೆ.

ರಾಣೇಬೆನ್ನೂರು ತಾಲ್ಲೂಕಿನ ಹೊಲಗಳಲ್ಲಿ ನಡೆಯುವ ಬೀಜೋತ್ಪಾದನೆಯ ಕೆಲಸವನ್ನು ವಿಶೇಷವಾಗಿ ಹೇಳಬೇಕಾಗಿದೆ. ಬೀಜದ ಟೊಮೆಟೊ, ಬದನೆ, ಮೆಣಸಿನ ಗಿಡಗಳ ಸಾಲುಗಳಲ್ಲಿ ಹೂವಿನಿಂದ ಹೂವಿಗೆ ಕೈಯಿಂದ ಪರಾಗ ಮುಟ್ಟಿಸುತ್ತ ಸಾಗುವ ‘ಕ್ರಾಸಿಂಗ್’ ಕೆಲಸವೆಂದರೆ ನಡೆಯುವುದು, ನಿಲ್ಲುವುದು, ಬಾಗುವುದು, ಮತ್ತೆ ನಡೆಯುವುದು. ಅಕ್ಕಿ ಆಯುವ ಕಾಯಕಕ್ಕೆ ಇದಕ್ಕಿಂತ ಹತ್ತಿರದ ಕೆಲಸ ಈ ಸೀಮೆಯಲ್ಲಿಲ್ಲ. ಮೇಲೆ ಹೇಳಿದ ಒಕ್ಕಲುಮಗನಿಗೆ ಬೆಳಗಿನ ತಂಪಿನಲ್ಲಿ ಅರ್ಧ ಸಾಲು ಬಿಟ್ಟುಕೊಟ್ಟರೆ ಅವನಿಗೆ ವ್ಯಾಯಾಮವೂ ಆದೀತು, ಹೊಲದಲ್ಲಿ ತನಗೊಂದು ಜಾಗವಿದೆಯೆಂಬ ಭರವಸೆಯೂ ಹುಟ್ಟೀತು. ಔಷಧ ಸಿಂಪಡಿಸಿದ ದಿನ ಹೊಲಕ್ಕೆ ಬಿಡಬಾರದು. ಅರ್ಧ ಸಾಲು ಮುಗಿದ ಮೇಲೆ, ಅವನೆಷ್ಟೇ ಹಟ ಮಾಡಿದರೂ, ಮನೆಗೆ ಕಳುಹಬೇಕು. ಹಾಗೆ ಕಳುಹಲು ಅಪ್ಪನಿಗೂ ಲಕ್ಕಮ್ಮನವರ ಗಟ್ಟಿತನ ಬೇಕು. ಇದೇ ತಾಲ್ಲೂಕಿನ ಚೌಡದಾನಪುರದ ಬಳಿ ತುಂಗಭದ್ರೆಯಲ್ಲಿ ಹುಟ್ಟು ಹಾಕಿದ ಅಂಬಿಗರ ಚೌಡಯ್ಯನವರ ಕಾಯಕವೂ ತೋಳಿನ ಬಲದ ಕಾಯಕವೇ. ಶರಣರ ಅನುಭಾವ ದುಡಿಯುವ ತೋಳಿನಿಂದ, ಬಾಗುವ ಬೆನ್ನಿನಿಂದ ಬಂದದ್ದು. ದೇಹವನ್ನು ಹೊರೆಯೆಂದು ಹಳಿಯುವ ಮಾರ್ಗ ಅವರದಾಗಿರಲಿಲ್ಲ, ದೇಹವನ್ನೇ ದೇಗುಲವೆಂದು ಕಂಡವರು ಅವರು. ಔಷಧದಿಂದ ಕಂದಿದ, ಗಾಯದ ಗೆರೆ ಬಿದ್ದ ದೇಹ ಆ ಮಾತಿಗೆ ಹೊರತೆಂದು ಅವರು ಎಲ್ಲಿಯೂ ಹೇಳಿಲ್ಲ.

ಇಷ್ಟೆಲ್ಲ ತಿಳಿದ ಮೇಲೆಯೂ ಬಾಗಿಲು ದಾಟದಿರುವವರ ತೊಡಕು ಸ್ನಾಯುವಿನಲ್ಲಿಲ್ಲ, ಬೀದಿಯಲ್ಲಿದೆ. ಹಳ್ಳಿಯಂಥ ಊರುಗಳಿವು. ಯಾರು ಎಲ್ಲಿಗೆ ಹೊರಟರೆಂಬುದು ಎಲ್ಲರ ಕಣ್ಣಿಗೂ ಬೀಳುತ್ತದೆ. ಮದುವೆಯಾಗದ ಇಪ್ಪತ್ತೆರಡರ ಹುಡುಗಿಗೆ ಕಿಮೋಥೆರಪಿಯಾಗಿದೆಯೆಂದು ತಿಳಿದರೆ ಸಂಬಂಧ ಬರಲಾರದೆಂದು ಮನೆಯವರು ಅಂಜಿ, ‘ಬೆಂಗಳೂರಾಗ ಓದಾಕ ಹೋಗ್ಯಾಳ’ ಎಂದು ಹೇಳಿರುತ್ತಾರೆ. ಮರಳಿ ಬಂದವಳು ತಲೆಗೆ ಸೆರಗು, ಸ್ಕಾರ್ಫು ಸುತ್ತಿ ಹಗಲೆಲ್ಲ ಒಳಗೆ ಕುಳಿತು, ಕತ್ತಲಾದ ಮೇಲೆ ಮಾಳಿಗೆಯ ಮೇಲೆ ಈ ಗೋಡೆಯಿಂದ ಆ ಗೋಡೆಗೆ ಹತ್ತು ಹೆಜ್ಜೆ ಹಾಕುತ್ತಾಳೆ. ಅವಳ ರೋಗ ಅಂಟುವಂಥದ್ದಲ್ಲ, ಗುಪ್ತವಾಗಿಡುವಂಥ ಅಪರಾಧವೂ ಅಲ್ಲ. ರೋಗವೆಂಬುದು ಪೂರ್ವಜನ್ಮದ ಕರ್ಮಫಲವೆಂಬ ಮಾತು ಭಕ್ತರ ಬಾಯಲ್ಲಿಯೂ ಕೇಳಿಬರುತ್ತದೆ. ಹುಟ್ಟಿನಿಂದ ಬಂದ ಸೂತಕಗಳನ್ನೆಲ್ಲ ತಳ್ಳಿಹಾಕಿದ ಪರಂಪರೆಯಲ್ಲಿ ನಿಂತವರು ಒಬ್ಬ ಹುಡುಗಿಯ ಮೈಗೆ ರೋಗದ ಸೂತಕವನ್ನು ಹೊಸದಾಗಿ ಹೊರಿಸುವುದು ಯಾವ ಧರ್ಮವೋ ತಿಳಿಯದು.

ಇಲ್ಲಿ ದಾಸೋಹಕ್ಕೆ ಒಂದು ಹೊಸ ಕ್ಷೇತ್ರವಿದೆ. ಚಿಕಿತ್ಸೆಯ ಕಾಲದಲ್ಲಿ ಹಣ ಕೂಡಿಸಿ ಕೊಟ್ಟವರು, ರಕ್ತ ಕೊಟ್ಟವರು, ಆಸ್ಪತ್ರೆಗೆ ಊಟ ಕಟ್ಟಿಕೊಂಡು ಹೋದವರು ಈ ಭಾಗದಲ್ಲಿ ಬಹಳ. ಚಿಕಿತ್ಸೆ ಮುಗಿದ ಮೇಲೆ ದಿನಕ್ಕೆ ಅರ್ಧ ತಾಸು ಕಾಲವನ್ನು ದಾಸೋಹವಾಗಿ ಕೊಡುವವರು ಬೇಕಾಗಿದ್ದಾರೆ. ಕೆನಡಾದಲ್ಲಿ ಅದಕ್ಕೆ ತರಬೇತುದಾರರನ್ನು ನೇಮಿಸಿದರು. ಬ್ಯಾಡಗಿಯಲ್ಲಿ ಅದನ್ನು ಓಣಿಯ ಅಕ್ಕ ಮಾಡಬಹುದು. ಮುಂಜಾನೆ ಬಾಗಿಲಿಗೆ ಬಂದು “ನಡೀಯವ್ವಾ, ಗುಡಿಗೆ ಹೋಗಿ ಬರೋಣು” ಎಂದು ಕರೆದರೆ ಕೇಳುವವರಿಗೂ ಉತ್ತರ ಸಿಕ್ಕಿತು, ಹುಡುಗಿಗೂ ಜೊತೆ ಸಿಕ್ಕಿತು. ಉತ್ತರ ಕರ್ನಾಟಕದಿಂದ ಶ್ರೀಶೈಲಕ್ಕೆ ಪ್ರತಿ ಯುಗಾದಿಗೆ ಸಾವಿರಾರು ಜನ ಪಾದಯಾತ್ರೆ ಹೋಗುತ್ತಾರೆ. ನಡೆಯುವವರನ್ನು ಏಕೆ ನಡೆಯುತ್ತೀರೆಂದು ದಾರಿಯಲ್ಲಿ ಯಾರೂ ಕೇಳುವುದಿಲ್ಲ, ನೀರು ಮಜ್ಜಿಗೆ ಕೊಡುತ್ತಾರೆ. ಅಂಥ ನಡಿಗೆಯ ಗೌರವದಲ್ಲಿ ಒಂದಿಷ್ಟನ್ನು ಓಣಿಯ ಮೂಲೆಯವರೆಗೆ ನಡೆಯುವ ಈ ಹುಡುಗಿಗೂ ಹಂಚಬಹುದು. ಜೊತೆಗೆ ನಡೆಯುವವರು ಉಪದೇಶ ಮಾಡಬೇಕಾಗಿಲ್ಲ, ರೋಗದ ಮಾತನ್ನು ತೆಗೆಯಬೇಕಾಗಿಯೂ ಇಲ್ಲ. ಅವಳ ವೇಗಕ್ಕೆ ತಮ್ಮ ಹೆಜ್ಜೆ ಹೊಂದಿಸಿಕೊಂಡರೆ ಸಾಕು. ಚುರುಕಾಗಿ ನಡೆಯುವವರಿಗೆ ಅದೇ ಕಷ್ಟದ ಭಾಗ.

ಹುಬ್ಬಳ್ಳಿಗೋ ಬೆಂಗಳೂರಿಗೋ ಮೂರು ತಿಂಗಳ ತಪಾಸಣೆಗೆ ಹೋಗುವ ಮನೆಯವರು ವೈದ್ಯರನ್ನು ಕೇಳುವ ಪ್ರಶ್ನೆಗಳು ಹೆಚ್ಚಾಗಿ ಪಥ್ಯದ ಸುತ್ತಲೇ ಇರುತ್ತವೆ. ಮೊಸರು ಕೊಡಬಹುದೇ, ಬದನೆಕಾಯಿ ನಂಜೇ, ಎಳನೀರು ತಂಪಾಗುವುದೇ. ವೈದ್ಯರಿಗೂ ಸಾಲು ದೊಡ್ಡದು, ಕೇಳಿದ್ದಕ್ಕೆ ಉತ್ತರಿಸಿ ಮುಂದಿನವರನ್ನು ಕರೆಯುತ್ತಾರೆ. ಮುಂದಿನ ಸಲ ಫೈಲಿನ ಮೇಲೆ ಇನ್ನು ಮೂರು ಪ್ರಶ್ನೆಗಳನ್ನು ಬರೆದುಕೊಂಡು ಹೋಗಬಹುದು. ಇವನ ಹೃದಯ, ಎಲುಬು, ರಕ್ತ ಈಗ ಎಷ್ಟು ನಡಿಗೆಯನ್ನು ತಡೆಯುತ್ತವೆ? ಯಾವ ಕೆಲಸವನ್ನು ಇನ್ನೂ ಮಾಡಬಾರದು? ಯಾವ ತಿಂಗಳಿನಿಂದ ಹೊಲಕ್ಕೆ, ಕಾಲೇಜಿಗೆ, ನೌಕರಿಗೆ ಹೋಗಬಹುದು? ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ವಿಭಾಗವಿದ್ದರೆ ಅಂದೇ ಅಲ್ಲಿಗೂ ಹೋಗಿ, ಮನೆಯಲ್ಲಿ ಮಾಡತಕ್ಕ ನಾಲ್ಕು ವ್ಯಾಯಾಮಗಳನ್ನು ಕಲಿತು ಬರಬಹುದು. ಪ್ರಶ್ನೆಗಳನ್ನು ಆ ತರುಣನೇ ತನ್ನ ಬಾಯಿಂದ ಕೇಳಲಿ, ಅಪ್ಪ ಪಕ್ಕದಲ್ಲಿ ಕುಳಿತಿರಲಿ.